ಕಾದ ಬಂಡೆಯೊಳಗೆ ನಿಂಗಪ್ಪ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಡೆದದ್ದು.

ನನ್ನ ಕುತ್ತಿಗೆಯ ಮೇಲೆ ಕಬ್ಬಿಣದ ರಾಡು. ಹಿಡಿದವನು ಸೆಕ್ಯುರಿಟಿ. ಎದುರಿಗೆ ಮ್ಯಾನೇಜರ್ ಶ್ರೀಶ.

ಕೋಣಂದೂರಿನಾಚೆಯ ಗುಡ್ಡದಲ್ಲಿ ಇವನ ಕಂಪನಿ ನೆಲದಡಿಗೆ ಹೀಟರ್ ಇಳಿಸಿತ್ತು. ಬಂಡೆ ಕಾಯಿಸಿ ಎಣ್ಣೆ, ಗ್ಯಾಸ್ ತೆಗೆಯುವ ಟ್ರಯಲ್. ಎಣ್ಣೆ ಬರಲಿಲ್ಲ. ಪಕ್ಕದ ನಿಂಗಪ್ಪನ ಬಾವಿಯಲ್ಲಿ ಎಣ್ಣೆಸ್ನಾನಕ್ಕಾಗುವಷ್ಟು ಬಿಸಿನೀರು ಬಂತು!

ಸಾಕ್ಷಿಗೆ ವಿಡಿಯೋ ಮಾಡಲು ನಿಂಗಪ್ಪ ಹೀಟರ್ ಗುಂಡಿಗೆ ಇಳಿದ. ಮೇಲೆ ಬರಲಿಲ್ಲ. ಅವನ ಹೆಂಡತಿ ಪುಷ್ಪಮ್ಮ ನನ್ನ ಹತ್ತಿರ ಓಡಿಬಂದಳು. ಇಂಥ ಕೆಲಸಕ್ಕೆ ಈ ಕಡೆ ನಾನೇ ಗತಿ. ನೇರ ಶ್ರೀಶನ ಆಫೀಸಿಗೆ ನುಗ್ಗಿದೆ, ಕುತ್ತಿಗೆಗೆ ರಾಡು ಬಿತ್ತು.

"ನಿಂಗಪ್ಪ ಎಲ್ಲಿ?" ಅಂದೆ.

"ಗುಂಡೀಲಿ. ಮುಚ್ಚಳಕ್ಕೆ ಬೋಲ್ಟ್ ಹಾಕ್ಸಿದೀನಿ."

"ಮನುಷ್ಯ ಮಾರಾಯ್ರೇ!"

"ಹೀಟರೂ ಆನ್ ಮಾಡ್ಸಿದೀನಿ. ಬೆಂದ್ರೆ ಬೇಯ್ಲಿ."

ಜೇಬಿನಲ್ಲಿ ನನ್ನ ಮೊಬೈಲ್ ಎಲ್ಲವನ್ನೂ ರೆಕಾರ್ಡ್ ಮಾಡುತ್ತಿತ್ತು.

ಸೆಕ್ಯುರಿಟಿಯ ಮೊಣಕಾಲಿಗೆ ಒದ್ದೆ. ರಾಡು ಬಿತ್ತು. ಮೇಜಿನ ಮೇಲಿದ್ದ ವಾಕಿಟಾಕಿ ಕಿತ್ತುಕೊಂಡು ಓಡಿದೆ. ಹಿಂದೆ ಬೂಟು... ಕಲ್ಲು... ಬೈಗುಳ!

ಪೈಪುಗಳ ಸಂದಿಗೆ ನುಗ್ಗಿ ಬಟನ್ ಒತ್ತಿದೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಕೊಟ್ಟವನು ನಾನು. ಈಗ ಶ್ರೀಶನ ಮೂಗುದನಿ ತೆಗೆದೆ.

"ಜಯಪ್ಪಾ! ಹೀಟರ್ ಆಫ್ ಮಾಡೋ! ಮುಚ್ಚಳ ತೆಗ್ಸು, ಒಳಗೆ ಜನ ಇದಾರೆ!"

ಆಪರೇಟರ್ ಜಯಪ್ಪ ತಬ್ಬಿಬ್ಬಾದ. "ಈಗಷ್ಟೇ ಆನ್ ಮಾಡು ಅಂದ್ರಲ್ಲ ಸಾರ್?"

"ಸಂಬಳ ನಾನ್ ಕೊಡದಾ, ನಿನ್ ಮಾವ ಕೊಡದಾ?"

"ಆಯ್ತು ಸಾರ್! ತೆಗ್ಸ್‌ದೆ ಸಾರ್!"

ನಿಂಗಪ್ಪನನ್ನು ಎತ್ತಿದರು. ಉಸಿರಿತ್ತು. ಅಂಗೈಯ ಚರ್ಮ ಏಣಿಯಲ್ಲೇ ಉಳಿದಿತ್ತು.

"ಎಂತಾರು ಮಾತಾಡ್ರೀ!" ಪುಷ್ಪಮ್ಮ ಅವನನ್ನು ಅಲುಗಿಸಿದಳು.

"ಬಾವಿ ನೀರು... ಕುಡೀಬ್ಯಾಡ ಕಣೆ."

ಅಷ್ಟೇ ಮಾತು. ಮುಚ್ಚಳ ಹಾಕಿದವರ ಮುಖವನ್ನು ಅವನು ನೋಡಿರಲಿಲ್ಲ.

ಪರವಾಗಿಲ್ಲ. ನನ್ನ ರೆಕಾರ್ಡಿಂಗ್ ಇತ್ತಲ್ಲ!

ಠಾಣೆಯಲ್ಲಿ ಎಸ್‌ಐ ಅದನ್ನು ಹಾಕಿಸಿದರು. "ಬೆಂದ್ರೆ ಬೇಯ್ಲಿ" ಎಂಬಲ್ಲಿ ನಿಲ್ಲಿಸಿದರು.

"ಯಾರ ದನಿ ಜಯಪ್ಪ?"

"ಶ್ರೀಶ ಸಾರ್‌ದು."

"ಹೀಟರ್ ಆಫ್ ಮಾಡು ಅಂದಿದ್ದು?"

"ಅದೂ ಸಾರ್‌ದೇ. ದೇವ್ರಾಣೆ!"

"ಅಲ್ಲ. ಅದು ಇವರ ಮಿಮಿಕ್ರಿ. ಕಂಪ್ಲೇಂಟಲ್ಲಿ ಇವರೇ ಬರೆದಿದಾರೆ." ಎಸ್‌ಐ ನನ್ನ ಕಡೆ ತಿರುಗಿದರು. "ದಿನಾ ಕೇಳೋ ಜಯಪ್ಪಂಗೇ ಗೊತ್ತಾಗ್ಲಿಲ್ಲ. ಆನ್ ಮಾಡು ಅಂದಿದ್ದೂ, ಈ ರೆಕಾರ್ಡಿಂಗಲ್ಲಿರೋದೂ ನಿಮ್ಮ ಮಿಮಿಕ್ರೀನೇ ಅಂತ ಶ್ರೀಶನ ಲಾಯರ್ ಅಂದ್ರೆ?"



ಮೂಲೆಯ ಕುರ್ಚಿಯಲ್ಲಿದ್ದ ಶ್ರೀಶನಿಗೆ ಮೊದಲು ಅರ್ಥವಾಯಿತು. ಕಿಸಕ್ಕೆಂದ. ಜಯಪ್ಪನೂ ಪೆಚ್ಚಾಗಿ ನಕ್ಕ. ಆಮೇಲೆ ಶ್ರೀಶ ಹೊಟ್ಟೆ ಹಿಡಿದುಕೊಂಡು ನಕ್ಕ... ಮೇಜು ಕುಟ್ಟಿ ನಕ್ಕ... ಕಣ್ಣೊರೆಸಿಕೊಂಡು ಮತ್ತೆ ನಕ್ಕ!

ಅವನ ದನಿಯಲ್ಲಿ ಏನು ಬೇಕಾದರೂ ಹೇಳಬಲ್ಲೆ. ಆ ನಗುವೊಂದು ಮಾತ್ರ ನನಗೆ ಇವತ್ತಿಗೂ ಬರುವುದಿಲ್ಲ.