ಹೋಯ್ತಾ, ಕಣ್ಣು ಬಿಡಲಾ?

ಲಿಫ್ಟು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಗಕ್ಕನೆ ನಿಂತಾಗ ಒಳಗಿದ್ದವಳು ಅವಳೊಬ್ಬಳೇ. ದೀಪ ಎರಡು ಸಲ ಮಿಣುಕಿ ಆರಿತು. ಬೇರೆ ಯಾರಾದರೂ ಆಗಿದ್ದರೆ ಜೀವ ಬಾಯಿಗೆ ಬರುತ್ತಿತ್ತು. ಅವಳು ನೆಲಕ್ಕೆ ಕೂತಳು, ಗೋಡೆಗೆ ಬೆನ್ನು ಕೊಟ್ಟಳು, ಚೀಲದಿಂದ ಕಿತ್ತಳೆ ಹಣ್ಣು ತೆಗೆದು ಕತ್ತಲಲ್ಲೇ ಸುಲಿಯತೊಡಗಿದಳು.

ಹೊರಗೆ ಆ ಕಟ್ಟಡದ ಲಿಫ್ಟು ನೋಡಿಕೊಳ್ಳುವ ಮೆಕ್ಯಾನಿಕ್ ಬಾಗಿಲಿಗೆ ಕಿವಿಯಿಟ್ಟು ಕೇಳಿದ. ಕೂಗಿಲ್ಲ, ಬಡಿತವಿಲ್ಲ, ಅಲಾರಂ ಇಲ್ಲ. ಸದ್ಯ, ಒಳಗೆ ಯಾರೂ ಸಿಕ್ಕಿಹಾಕಿಕೊಂಡಿಲ್ಲ ಎಂದುಕೊಂಡು ನಿರಾಳವಾಗಿ ಊಟಕ್ಕೆ ಹೋದ. ಊಟ ಮುಗಿಸಿ, ಕಾಫಿಯನ್ನೂ ಕುಡಿದು ಬಂದು, ಮೋಟಾರಿನ ಚಕ್ರ ಕೈಯಿಂದ ತಿರುಗಿಸಿ ಲಿಫ್ಟನ್ನು ಎರಡನೇ ಮಹಡಿಗೆ ಇಳಿಸಿ ಬಾಗಿಲು ತೆರೆದರೆ, ಒಳಗೊಂದು ಹೆಂಗಸು ಸಿಪ್ಪೆಯನ್ನೆಲ್ಲ ಕರವಸ್ತ್ರದಲ್ಲಿ ಗಂಟು ಕಟ್ಟುತ್ತಾ ಕೂತಿದ್ದಾಳೆ. ಕಿರುಚಿದವನು ಅವನು.

"ಅಯ್ಯಯ್ಯೋ! ಯಾವಾಗಿಂದ ಇದೀರಿ ಒಳಗೆ?"

"ನಿಂತಾಗಿಂದ."

"ಒಂದು ಕೂಗು ಹಾಕಬಾರದಿತ್ತಾ?"

"ಏನಂತ ಕೂಗಲಿ?"

ಅವನು ಒಳಗಿನ ಗೋಡೆಯತ್ತ ಬೆರಳು ತೋರಿಸಿದ. "ಅಲಾರಂ ಬಟನ್ ಇದೆ ಕಣ್ರೀ. ಕೆಂಪಗೆ, ಇಷ್ಟು ದಪ್ಪ," ಎಂದ.

"ನೋಡಿದೆ," ಎಂದಳು. ಉಳಿದಿದ್ದ ಎರಡು ತೊಳೆ ಚಾಚಿದಳು. "ತಗೊಳ್ಳಿ. ಸಿಹಿ ಇದೆ." ಆಮೇಲೆ ಸ್ವಲ್ಪ ಯೋಚಿಸಿ, "ಇರಬೇಕು," ಎಂದು ಸೇರಿಸಿದಳು.

ಮೆಕ್ಯಾನಿಕ್ ತೊಳೆ ತಿಂದ. ನಿಜಕ್ಕೂ ಸಿಹಿಯಿತ್ತು. ತಿಂದವಳಿಗೆ ಅದು ಗೊತ್ತಾಗದಿದ್ದದ್ದು ಅವನಿಗೆ ಆ ಹಣ್ಣಿಗಿಂತ ಹೆಚ್ಚು ಹೊತ್ತು ಬಾಯಲ್ಲಿ ಉಳಿಯಿತು.

ಮೂರನೇ ಮಹಡಿಯಲ್ಲಿ ಅವಳದು ಕಿವಿ ಪರೀಕ್ಷೆಯ ಕ್ಲಿನಿಕ್ಕು. ಅವಳು ಡಾಕ್ಟರಲ್ಲ, ಆದರೂ ಕಟ್ಟಡದವರೆಲ್ಲ ಕಿವಿ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಕೆಲಸದಲ್ಲಿ ಎತ್ತಿದ ಕೈ. ಆದರೆ ಹೋದ ವರ್ಷ ಅಮ್ಮ ತೀರಿಕೊಂಡಾಗಿನಿಂದ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖವೂ ಇಲ್ಲ. ಅಳುವೇ ಬರಲಿಲ್ಲ. ಚಿಕ್ಕಮ್ಮ ಮೂಗು ಮುರಿದು, "ಕಲ್ಲು ಕಣೇ ನೀನು," ಎಂದಳು. ಅದೂ ನಾಟಲಿಲ್ಲ. ತುಂಬ ಹೊತ್ತು ಮಡಚಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಅವಳಿಗೆ ಇಡೀ ಮೈ ಜೋಮು ಹಿಡಿದಿತ್ತು. ಕಾಲಾದರೆ ಒದರಿಕೊಳ್ಳಬಹುದು.

ಮರುದಿನ ಸಂಜೆ ಮೆಕ್ಯಾನಿಕ್ ಕಿತ್ತಳೆ ಚೀಲ ಹಿಡಿದು ಕ್ಲಿನಿಕ್ ಬಾಗಿಲಲ್ಲಿ ನಿಂತಿದ್ದ.

"ತಪ್ಪಾಯ್ತು ಅಂತ ಹೇಳೋಕೆ ಬಂದೆ."

"ನೀವೇನು ಮಾಡಿದಿರಿ? ನಾನೇ ಕೂಗಲಿಲ್ಲ."

"ಅದೇ ಅದೇ. ಅದಕ್ಕೇ ನಿದ್ದೆ ಬರಲಿಲ್ಲ ನನಗೆ." ಅವನು ತಲೆ ಕೆರೆದುಕೊಂಡ. "ನಮ್ಮ ಮೇಸ್ತ್ರಿ ದಿನಾ ಬೆಳಿಗ್ಗೆ ಕೇಳೋರು, ಭಯ ಇದೆಯೇನ್ರೋ ಇವತ್ತು ಅಂತ. ಇಲ್ಲ ಸಾರ್ ಅಂದವನನ್ನ ಮನೆಗೆ ಕಳಿಸೋರು. ಭಯ ಇಲ್ಲದವನು ಎಲ್ಲೋ ಒಂದು ಕಡೆ ಕಾಲು ಜಾರ್ತಾನೆ ಅಂತ. ನಿಮ್ಮನ್ನ ನೋಡಿದರೆ ನನಗೆ ಅದೇ ಚಿಂತೆ."

"ನಾನೇನು ಹಗ್ಗ ಹಿಡಿದು ಇಳಿಯಬೇಕಾಗಿಲ್ಲವಲ್ಲ."

"ಆದರೂ."

ಕೆಳಗಿನ ಬೇಕರಿಯವರು ಗಾಜಿಗೆ ಕಪ್ಪು ಕಾಗದದ ಬಾವಲಿಗಳನ್ನು ಅಂಟಿಸುವುದಕ್ಕೆ ಆಗಲೇ ಶುರುಮಾಡಿದ್ದರು. ಮೇಲೆ ಬರುವಾಗ ಅದನ್ನು ನೋಡಿಯೇ ಅವನಿಗೆ ಉಪಾಯ ಹೊಳೆದದ್ದು. "ತಿಂಗಳ ಕೊನೆಗೆ ಹ್ಯಾಲೋವೀನ್, ದೆವ್ವದ ಹಬ್ಬ. ಅಲ್ಲಿ ತನಕ ದಿನಕ್ಕೊಂದು ದೆವ್ವದ ಸಿನಿಮಾ ನೋಡೋಣ. ಒಂದಾದರೂ ನಿಮ್ಮನ್ನ ಹೆದರಿಸದೆ ಇರುತ್ತಾ?"

ಬೇಡ ಅನ್ನುವುದಕ್ಕೆ ಕಾರಣ ಬೇಕು. ಅವಳಿಗೆ ಕಾರಣ ಹುಡುಕುವಷ್ಟೂ ಉತ್ಸಾಹವಿರಲಿಲ್ಲ. "ಸರಿ," ಎಂದಳು.

ಕ್ಲಿನಿಕ್ಕಿನ ಒಳಗೆ ಕಿವಿ ಪರೀಕ್ಷೆಗೆಂದು ಒಂದು ಪುಟ್ಟ ಕೋಣೆಯಿತ್ತು. ದಪ್ಪ ಬಾಗಿಲು, ಸ್ಪಂಜಿನ ಗೋಡೆ, ಒಂದೇ ಒಂದು ಜೋಡಿಗಾಜಿನ ಕಿಟಕಿ. ಹೊರಗಿನ ಸದ್ದು ಒಳಗೆ ಬಾರದು, ಒಳಗಿನದು ಹೊರಗೆ ಹೋಗದು. ಕೊನೆಯ ರೋಗಿ ಹೋದ ಮೇಲೆ ಅಲ್ಲಿ ಎರಡು ಕುರ್ಚಿ ಹಾಕಿ, ಲ್ಯಾಪ್‌ಟಾಪ್ ಇಟ್ಟು, ದೀಪ ಆರಿಸಿದರೆ ಥಿಯೇಟರು ಸಿದ್ಧ.

ಮೊದಲ ದಿನವೇ ಗುಟ್ಟು ರಟ್ಟಾಯಿತು. ಸಿನಿಮಾದಲ್ಲಿ ಇನ್ನೂ ಏನೂ ಆಗಿರಲಿಲ್ಲ, ಒಬ್ಬಳು ಕಪಾಟಿನ ಬಾಗಿಲಿಗೆ ಕೈ ಹಾಕಿದ್ದಳು ಅಷ್ಟೇ. ಪಕ್ಕದಲ್ಲಿ ಎರಡೂ ಅಂಗೈ ಕಣ್ಣಿಗೆ ಒತ್ತಿಕೊಂಡು ಮೆಕ್ಯಾನಿಕ್ ಮುದುಡಿ ಕೂತಿದ್ದ.

"ಏನ್ರೀ ಇದು?"

"ಹೋಯ್ತಾ?"

"ಏನು?"

"ಅದು. ದೆವ್ವ. ಹೋಯ್ತಾ? ಕಣ್ಣು ಬಿಡಲಾ?"

"ಇನ್ನೂ ಬಂದೇ ಇಲ್ಲ."

"ಹಾಗಾದರೆ ಹೋದ ಮೇಲೆ ಹೇಳಿ."

ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡುವ ಆಳು, ಇಷ್ಟು ಪುಕ್ಕಲು! ಅವಳು ಪರದೆ ನೋಡಿದಳು. ದೆವ್ವ ಬಂತು. ಹಲ್ಲು ಕಿರಿಯಿತು. ತಾನು ಬಂದ ಕೆಲಸ ಮುಗಿಸಿಕೊಂಡು ಹೋಯಿತು. "ಹೋಯ್ತು," ಎಂದಳು, ಬಸ್ಸು ಹೋಯಿತು ಅನ್ನುವ ಹಾಗೆ. ಅವನು ಬೆರಳ ಸಂದಿಯಿಂದ ಇಣುಕಿದ. ನಿಜವಾಗಿಯೂ ಹೋಗಿತ್ತು.

ಅವನ ಮುಖ ಅರಳಿತು. "ನಮ್ಮಕ್ಕನ ಜೊತೆ ನೋಡುವಾಗ ಹೋಯ್ತು ಹೋಯ್ತು ಅಂತಾಳೆ, ಕಣ್ಣು ಬಿಟ್ಟರೆ ಪರದೆ ತುಂಬ ಅದೇ ಮೂತಿ. ಹತ್ತು ವರ್ಷದಿಂದ ಅದೇ ಮೋಸ. ನೀವು ಸುಳ್ಳು ಹೇಳಲ್ಲ."

"ಹೇಳಿ ಏನಾಗಬೇಕು?"

"ಅದೂ ಸರಿ," ಎಂದು ಅವನು ನಕ್ಕ.

ಹೀಗೆ ಶುರುವಾಯಿತು. ಬಾವಿಯಿಂದ ಬಂದ ದೆವ್ವ, ಕನ್ನಡಿಯಿಂದ ಬಂದ ದೆವ್ವ, ತೊಟ್ಟಿಲಲ್ಲಿ ಮಲಗಿದ ದೆವ್ವ, ಟೆಲಿಫೋನಿನಲ್ಲಿ ಮಾತಾಡುವ ದೆವ್ವ. ಪಾಪ, ಒಂದರದ್ದೂ ಅವಳ ಹತ್ತಿರ ಬೇಳೆ ಬೇಯಲಿಲ್ಲ. ಅವಳು ಕಿತ್ತಳೆ ಸುಲಿಯುತ್ತಾ, ಅವನ ಕೈಗೆ ಒಂದೊಂದೇ ತೊಳೆ ಇಡುತ್ತಾ, ಕೇಳಿದಾಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. "ಇದೆ." "ಇನ್ನೂ ಇದೆ." "ಮೆಟ್ಟಿಲಿಳೀತಿದೆ." "ಹೋಯ್ತು."

ಒಂದು ಸಂಜೆ ಕಿಟಕಿಯ ಗಾಜಿನ ಮೇಲೆ ಅವಳ ಕಣ್ಣು ಬಿತ್ತು. ಪರದೆಯ ನೀಲಿ ಬೆಳಕಲ್ಲಿ ಇಬ್ಬರ ಮುಖವೂ ಅಲ್ಲಿ ಮೂಡಿತ್ತು. ಅವನ ಬೆರಳುಗಳ ಸಂದಿ ತೆರೆದಿತ್ತು. ಆ ಸಂದಿಯ ಹಿಂದಿನ ಕಣ್ಣು ಅವಳ ಕಿವಿಯನ್ನೂ, ಕಿವಿಯ ಹಿಂದೆ ಸಿಕ್ಕಿಸಿದ ಕೂದಲನ್ನೂ, ಅಲ್ಲಿಂದ ತಪ್ಪಿಸಿಕೊಂಡು ಕೆನ್ನೆಗಿಳಿದ ಒಂದೆಳೆಯನ್ನೂ ನಿಧಾನವಾಗಿ ನೋಡುತ್ತಿತ್ತು.

"ದೆವ್ವ ಆ ಕಡೆ ಇದೆ," ಎಂದಳು.

"ಗೊತ್ತು. ಅದಕ್ಕೇ ಈ ಕಡೆ ನೋಡ್ತಿದೀನಿ."

ಅವಳಿಗೆ ನಗು ಬರಬೇಕಿತ್ತು. ಬರಬೇಕಿತ್ತು ಎಂದು ಅವಳಿಗೆ ಗೊತ್ತಾಯಿತು, ಅಷ್ಟೇ. ಆದರೆ ಕೂದಲಿನ ಆ ಎಳೆಯನ್ನು ಅವಳು ಮತ್ತೆ ಕಿವಿಯ ಹಿಂದಕ್ಕೆ ಸಿಕ್ಕಿಸಲಿಲ್ಲ.

ಇನ್ನೊಂದು ದಿನ ಸಿನಿಮಾದಲ್ಲಿ ಯಾರದೋ ಅಮ್ಮ ಸತ್ತಳು. ಮಗಳು ಎದೆ ಬಡಿದುಕೊಂಡು ಅತ್ತಳು. ಕಿವಿ ಡಾಕ್ಟರಮ್ಮ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು, "ನಮ್ಮಮ್ಮ ಹೋದಾಗ ನಾನು ಮೊದಲು ಏನು ಮಾಡಿದೆ ಗೊತ್ತಾ? ಅವಳ ಕಿವಿಯಿಂದ ಕೇಳಿಸೋ ಮೆಷಿನ್ ತೆಗೆದು ಆಫ್ ಮಾಡಿದೆ. ಬ್ಯಾಟರಿ ಸುಮ್ಮನೆ ಖರ್ಚಾಗುತ್ತೆ ಅಂತ. ಯಾರನ್ನೂ ಕರೆಯೋದಕ್ಕೆ ಮುಂಚೆ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡ್ತಿದ್ದಳು."

ಅವನು ಕಣ್ಣಿಂದ ಕೈ ತೆಗೆದ. ಪರದೆಯಲ್ಲಿ ದೆವ್ವ ಇನ್ನೂ ಇತ್ತು. ಅವನು ಅದನ್ನು ಲೆಕ್ಕಕ್ಕಿಡಲಿಲ್ಲ.

"ಎಷ್ಟು ದಿನದಿಂದ ಹಾಕಿ ತೆಗೀತಿದ್ರಿ ಆ ಮೆಷಿನ್ನ?"

"ಎರಡು ವರ್ಷ. ಮಲಗಿಸೋವಾಗ ದಿನಾ."

"ಅವತ್ತೂ ಮಲಗಿಸಿದ್ರಿ ಅಷ್ಟೇ," ಎಂದ. "ಕೈಗೆ ಅದೇ ಗೊತ್ತಿತ್ತು."

ಸಿನಿಮಾ ಮುಗಿಯುವ ತನಕ ಸುಲಿದ ಹಣ್ಣು ಅವಳ ಕೈಯಲ್ಲೇ ಇತ್ತು.

ತಿಂಗಳು ಕೊನೆಯಾಗುತ್ತಾ ಬಂತು. ಬೇಕರಿಯ ಗಾಜಿನಲ್ಲಿ ಬಾವಲಿಗಳಿಗೆ ಜಾಗವೇ ಉಳಿದಿರಲಿಲ್ಲ. ಅವತ್ತು ಅವನು ಬರುವಾಗಲೇ ಮುಖ ಸಪ್ಪಗಿತ್ತು. "ಕಂಪನಿಯವರು ಬೇರೆ ಊರಿಗೆ ಹೋಗು ಅಂತಿದಾರೆ," ಎಂದ. "ದೊಡ್ಡ ಆಸ್ಪತ್ರೆಯಂತೆ, ತುಂಬ ಲಿಫ್ಟು. ಒಂದನೇ ತಾರೀಖಿಗೆ ಅಲ್ಲಿರಬೇಕು. ಬರಲ್ಲ ಅಂದರೆ ಬೇರೆಯವನನ್ನ ಕಳಿಸ್ತಾರೆ. ಹ್ಯಾಲೋವೀನ್ ಸಂಜೆ ಒಳಗೆ ಹೇಳಬೇಕು."

"ಒಳ್ಳೆಯದಲ್ವಾ?"

"ಒಳ್ಳೆಯದೇ." ಅವನು ಉಗುರಿನ ಸಂದಿಯ ಗ್ರೀಸನ್ನು ಕೆರೆಯುತ್ತಾ ಕೂತ. ಆಮೇಲೆ ಧೈರ್ಯ ಮಾಡಿ ತಲೆಯೆತ್ತಿದ. "ನಿಮ್ಮ ಮೇಲೆ ನನಗೆ ಮನಸ್ಸಾಗಿದೆ. ಸುತ್ತಿ ಬಳಸಿ ಹೇಳೋಕೆ ಬರಲ್ಲ. ನಿಮಗೆ ಚೂರಾದರೂ ಏನಾದರೂ ಅನ್ನಿಸಿದರೆ ಇಲ್ಲೇ ಇರ್ತೀನಿ. ಇಲ್ಲ ಅಂದ್ರೆ ದಿನಾ ಈ ಲಿಫ್ಟು ಹತ್ತಿ ಇಳಿದು ಇರೋದು ನನ್ನ ಕೈಲಾಗಲ್ಲ."

ಅವಳು ಅವನ ಮುಖವನ್ನು ಪೂರ್ತಿ ನೋಡಿದಳು. ಹುಬ್ಬಿನ ಹತ್ತಿರ ಸಣ್ಣ ಗಾಯದ ಕಲೆ. ಕಾಯುತ್ತಿರುವ ಕಣ್ಣು. ಒಳ್ಳೆಯವನು. ಈ ಒಳ್ಳೆಯವನಿಗಾಗಿ ಅವಳು ತನ್ನೊಳಗೆಲ್ಲ ಹುಡುಕಿದಳು. ಎಲ್ಲ ಕೋಣೆಯಲ್ಲೂ ದೀಪ ಆರಿತ್ತು.

"ಇಲ್ಲಿ ಕೂತವರಿಗೆ ನಾನು ಹೇಳೋದು ಒಂದೇ," ಎಂದಳು. "ಸದ್ದು ಕೇಳಿಸಿದರೆ ಬೆರಳು ಎತ್ತಿ. ಕೆಲವರು ಕೇಳಿಸದೇ ಇದ್ದರೂ ಎತ್ತುತ್ತಾರೆ, ನನಗೆ ಬೇಜಾರಾಗಬಾರದು ಅಂತ. ಆಮೇಲೆ ಅವರಿಗೆ ತಪ್ಪು ಮೆಷಿನ್ ಹೋಗುತ್ತೆ, ವರ್ಷಗಟ್ಟಲೆ ಒದ್ದಾಡ್ತಾರೆ. ನಾನು ಹಾಗೆ ಎತ್ತಲಾರೆ. ನನಗೆ ಏನೂ ಕೇಳಿಸ್ತಿಲ್ಲ."

ಅವನಿಗೆ ನೋವಾಯಿತು. ಅದು ಮುಖದ ಮೇಲೇ ಕಂಡಿತು; ಮುಚ್ಚಿಡುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ. ಆದರೂ ತಲೆಯಾಡಿಸಿದ. "ಸಣ್ಣಗೆ ಕೇಳಿಸಿದರೂ ಎತ್ತಿ. ಅಷ್ಟು ಸಾಕು ನನಗೆ," ಎಂದ. ಆಮೇಲೆ ಲ್ಯಾಪ್‌ಟಾಪ್ ಕಡೆ ಕೈ ತೋರಿಸಿದ. "ಹಾಕಿ. ಇವತ್ತಿನದು ತೋಳದ್ದಂತೆ."

ಹ್ಯಾಲೋವೀನ್ ದಿನ ಕಟ್ಟಡದ ಮಕ್ಕಳೆಲ್ಲ ಮುಖವಾಡ ಹಾಕಿಕೊಂಡು ಲಿಫ್ಟಿನಲ್ಲಿ ಹತ್ತಿದ್ದೇ ಹತ್ತಿದ್ದು, ಇಳಿದದ್ದೇ ಇಳಿದದ್ದು. ಮೆಕ್ಯಾನಿಕ್ ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಕೈಯಲ್ಲಿ ಟೂಲ್ ಬ್ಯಾಗಿತ್ತು. ಇಷ್ಟು ದಿನ ಅದು ನೆಲಮಹಡಿಯ ಮೋಟಾರ್ ಕೋಣೆಯಲ್ಲೇ ಇರುತ್ತಿತ್ತು. ಅದನ್ನವನು ಬಾಗಿಲ ಪಕ್ಕ ಇಟ್ಟ.

"ಏನು ಹೇಳಿದಿರಿ ಅವರಿಗೆ?"

"ಇನ್ನೂ ಹೇಳಿಲ್ಲ. ಸಿನಿಮಾ ಮುಗಿದ ತಕ್ಷಣ ಫೋನ್ ಮಾಡ್ತೀನಿ. ಬರ್ತೀನಿ ಅಂತ."

"ಹೂಂ," ಎಂದಳು.

ಕೊನೆಯ ಸಿನಿಮಾ ಎಲ್ಲಕ್ಕಿಂತ ಕಳಪೆಯಾಗಿತ್ತು. ದೆವ್ವಕ್ಕೆ ಬಟ್ಟೆಯೂ ಸರಿಯಾಗಿ ಹೊಲಿಸಿರಲಿಲ್ಲ, ಹಾಸಿಗೆಯ ಚಾದರ ಹೊದೆಸಿ ಬಿಟ್ಟಿದ್ದರು. ಆದರೂ ಅವನು ಎಂದಿನಂತೆ ಕಣ್ಣು ಮುಚ್ಚಿಕೊಂಡ. ಕೊನೆಗೆ ದೆವ್ವ ಬೆಟ್ಟದ ಕಡೆ ತೇಲಿ ಹೋಯಿತು. ಸಂಗೀತ ನಿಂತಿತು. ಹೆಸರುಗಳು ಬಂದವು, ಮುಗಿದವು. ಪರದೆ ಕಪ್ಪಾಯಿತು.

"ಹೋಯ್ತಾ?" ಎಂದ ಅವನು. "ಕಣ್ಣು ಬಿಡಲಾ?"

ಹೋಯ್ತು ಎನ್ನಲು ಅವಳು ಬಾಯಿ ತೆರೆದಳು.

ಲ್ಯಾಪ್‌ಟಾಪಿನ ಮಬ್ಬು ಬೆಳಕಲ್ಲಿ ಕಿಟಕಿಯ ಗಾಜಿನ ಮೇಲೆ ಎರಡು ಕುರ್ಚಿ ಕಾಣುತ್ತಿತ್ತು. ನಾಳೆ ಒಂದನ್ನು ಎತ್ತಿ ಹೊರಗಿಡಬೇಕು ಎಂದುಕೊಂಡಳು. ಅಷ್ಟಕ್ಕೇ ಒಳಗೆಲ್ಲೋ, ಪಕ್ಕೆಲುಬಿನ ಕೆಳಗೆ, ಏನೋ ಆಯಿತು. ತೀರ ಸಣ್ಣದು. ಕಿವಿ ಪರೀಕ್ಷೆಯ ಯಂತ್ರದಲ್ಲಿ ಅವಳು ಕೊನೆಗೆ ಕೊಡುವ ಅತಿ ಸಣ್ಣ ಸದ್ದು ಹಾಗೇ ಇರುತ್ತಿತ್ತು. ಕೇಳಿಸಿತೋ, ತನಗೇ ಹಾಗನ್ನಿಸಿತೋ ಎಂದು ರೋಗಿಗಳು ಹುಬ್ಬು ಗಂಟಿಕ್ಕಿ ಉಸಿರು ಹಿಡಿಯುತ್ತಿದ್ದರು. ಅವಳೂ ಉಸಿರು ಹಿಡಿದಳು. ಮತ್ತೊಮ್ಮೆ ಆಯಿತು. ಈ ಸಲ ಅನುಮಾನವಿರಲಿಲ್ಲ. ಅವಳಿಗೆ ಹೆದರಿಕೆಯಾಗಿತ್ತು.

"ಇಲ್ಲ," ಎಂದಳು.

"ಇನ್ನೂ ಇದೆಯಾ?"

"ಇದೆ. ಕಣ್ಣು ಬಿಡಬೇಡ."

ಅವನು ಬಿಡಲಿಲ್ಲ. ಸ್ವಲ್ಪ ಹೊತ್ತು ಕಾದು, "ಸದ್ದೇ ಇಲ್ಲವಲ್ಲ?" ಎಂದ.

"ಸುಮ್ಮನೆ ನಿಂತಿದೆ."

"ಎಲ್ಲಿ?"

"ಬಾಗಿಲ ಹತ್ತಿರ. ಬ್ಯಾಗ್ ತಗೊಂಡು ಹೊರಡೋಕೆ ನಿಂತಿದೆ."

ಅವನು ಪುಕ್ಕಲನಿರಬಹುದು, ದಡ್ಡನಲ್ಲ. ಅವನ ಕಿವಿಯೂ ಚೆನ್ನಾಗಿತ್ತು. ಸಿನಿಮಾ ಮುಗಿದು ಎಷ್ಟು ಹೊತ್ತಾಯಿತೆಂದು ಗೊತ್ತಿತ್ತು. ಅಂಗೈಯ ಹಿಂದೆ ಅವನ ಮುಖ ಕಾಣುತ್ತಿರಲಿಲ್ಲ. ಬೆರಳ ಸಂದಿಯೂ ತೆರೆಯಲಿಲ್ಲ.

"ನೀವು ಸುಳ್ಳು ಹೇಳೋರಲ್ಲ."

"ಇವತ್ತೊಂದು ಹೇಳಿದೆ."

"ಯಾಕೆ?"

"ಹೆದರಿಕೆಯಾಯ್ತು."

ಒಂದು ಕೈ ಕಣ್ಣಿನ ಮೇಲೇ ಇತ್ತು. ಇನ್ನೊಂದನ್ನು ಅವನು ಕತ್ತಲಲ್ಲಿ ಅವಳ ಕಡೆ ಚಾಚಿದ. ತೊಳೆ ಇಡುತ್ತಿದ್ದ ಜಾಗದಲ್ಲಿ ಅವಳು ತನ್ನ ಕೈಯನ್ನಿಟ್ಟಳು. ಅವನದು ಒರಟು ಕೈ, ಬಿಸಿ. ಆ ಬಿಸಿ ತನಗೆ ಗೊತ್ತಾಗುತ್ತಿದೆ ಎನ್ನುವುದೇ ಅವಳಿಗೆ ಸೋಜಿಗವಾಗಿತ್ತು.

"ತುಂಬಾನಾ?" ಎಂದು ಕೇಳಿದ.

"ಇಲ್ಲ. ಸಣ್ಣಗೆ."

ಆಮೇಲೆ, ಅವನ ಮುಷ್ಟಿಯೊಳಗೆ, ಅವಳ ತೋರುಬೆರಳು ಮೆಲ್ಲಗೆ ಮೇಲೆದ್ದಿತು. ಅವನು ಅಲುಗಾಡದೆ ಕೂತ, ಅಲುಗಾಡಿದರೆ ಅದು ಇಳಿದೀತು ಎನ್ನುವ ಹಾಗೆ. ಕೊನೆಗೆ ಕಣ್ಣಿನ ಮೇಲಿದ್ದ ಕೈ ತೆಗೆದು, ರೆಪ್ಪೆ ಬಿಗಿಯಾಗಿ ಮುಚ್ಚಿಕೊಂಡೇ ಜೇಬು ತಡಕಾಡಿ ಫೋನ್ ತೆಗೆದು ಅವಳ ಮಡಿಲಿಗೆ ಹಾಕಿದ.

"ಮ್ಯಾನೇಜರ್ ಅಂತಿದೆ, ಹುಡುಕಿ ಕೊಡಿ. ಬರಲ್ಲ ಅಂತ ಹೇಳಬೇಕು."

"ಕಣ್ಣು ಬಿಟ್ಟು ನೀನೇ ಹುಡುಕು."

"ನೀವು ಹೋಯ್ತು ಅನ್ನೋ ತನಕ ಬಿಡಲ್ಲ."

ಮುಖವಾಡದ ಮಕ್ಕಳು ಹೊರಗೆ ಓಣಿಯಲ್ಲಿ ಕಿರುಚುತ್ತಾ ಓಡಿರಬೇಕು. ಆ ಕೋಣೆಗೆ ಏನೂ ಕೇಳಿಸಲಿಲ್ಲ. ಅವಳು ನಂಬರು ಹುಡುಕಿ, ಡಯಲ್ ಮಾಡಿ, ಫೋನನ್ನು ಅವನ ಕಿವಿಗೆ ಹಿಡಿದಳು. ಅವನು ಮಾತಾಡಿ ಮುಗಿಸಿದ. ಆಮೇಲೂ ಕಣ್ಣು ಮುಚ್ಚಿಕೊಂಡೇ ಕಾದ. ಅವಳು ಅವನ ಮುಖವನ್ನು ನೋಡುತ್ತಾ ಕೂತಳು, ಹೋಯ್ತು ಎಂದು ತುಂಬ ಹೊತ್ತು ಹೇಳಲಿಲ್ಲ.