ಕೈಗವಸಿನೊಳಗಿನ ಬಿಸಿನೀರು

ಮದುವೆ ಮುಗಿಸಿಕೊಂಡು ತಂಗಿ ನಮ್ಮ ಮಾಂಸದ ಕಾರ್ಖಾನೆಗೆ ವಾಪಸ್ ಬಂದ ದಿನ. ಕೊರೆಯುವ ಚಳಿಯ ಆ ಕತ್ತರಿಸುವ ಕೋಣೆಯಲ್ಲಿ ಅವಳನ್ನು ರೇಗಿಸುತ್ತ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು.

ಅವಳು ಪಿಸುಗುಟ್ಟಿದಳು: “ಅಕ್ಕಾ, ಗ್ಲೌಸ್ ಒಳಗೆ ಯಾರೋ ನನ್ನ ಕೈ ತೊಳೀತಿದಾರೆ. ಬಿಸಿನೀರು ಕಣೇ!”

ಕೈಗವಸು ಕಳಚಿದರೆ ಬೆರಳ ತುಂಬ ಸೋಪಿನ ನೊರೆ.

“ಅಯ್ಯೋ, ಮದುವೆ ಉಂಗುರ ಕಾಣ್ತಿಲ್ಲ! ಕೆಲಸಕ್ಕೆ ಮುಂಚೆ ತೆಗೆಯೋದು ಮರೆತೇಹೋಗಿತ್ತು.”

ಮಾಂಸದಲ್ಲಿ ಉಂಗುರ ಸಿಕ್ಕರೆ ಕೆಲಸಕ್ಕೇ ಸಂಚಕಾರ. ಮಾಂಸ ಸಾಗಿಸುವ ಬೆಲ್ಟ್ ನಿಲ್ಲಿಸಿ ಎಲ್ಲ ಕಡೆ ಹುಡುಕಿದೆವು. ಕೊನೆಗೆ ಅವಳ ಲಾಕರಿನ ಬೀಗ ತೆಗೆದರೆ, ಉಂಗುರ ಮೈತುಂಬ ನೊರೆ ಮೆತ್ತಿಕೊಂಡು ಅಲ್ಲಿ ಕೂತಿತ್ತು.

ಮೇಲ್ವಿಚಾರಕಿ ಬಿದ್ದು ಬಿದ್ದು ನಕ್ಕರು. “ನನ್ನ ಮದುವೆ ಆದಾಗ್ಲೂ ಹೀಗೇ ಆಗಿತ್ತು ಕಣ್ರೇ! ಹೋಗು ಮದುಮಗಳೇ, ಹೊಸ ಗ್ಲೌಸ್ ಹಾಕ್ಕೋ.”

ತಂಗಿಯೂ ನಗುತ್ತ ಹೋದಳು. ನಾನು ಹಳೆಯ ಕೈಗವಸನ್ನು ಬೆಳಕಿಗೆ ಹಿಡಿದು ನೋಡಿದೆ. ಎಲ್ಲೂ ಹರಿದಿರಲಿಲ್ಲ. ಒಳಗೆ ಇನ್ನೂ ಬೆಚ್ಚಗಿತ್ತು.