ಸವತಿ ಪದಕದ ರಾಣಿ

ಶುಕ್ರವಾರ ಬೆಳಿಗ್ಗೆ ಶುಭಾಂಗಿ ಎಷ್ಟು ಉಜ್ಜಿದರೂ ಸವತಿ ಪದಕದ ಮೇಲಿನ ಕುಂಕುಮ ಹೋಗಲಿಲ್ಲ.

ಸವತಿ ಎಂದರೆ ಪ್ರಣಿತಾ, ಅಕ್ಕಲಕೋಟೆಯ ಬಟ್ಟೆ ವ್ಯಾಪಾರಿ ನಿತಿನನ ತೀರಿಹೋದ ಮೊದಲ ಹೆಂಡತಿ. ಸತ್ತವಳ ಪದಕವನ್ನು ಎರಡನೆಯವಳು ಕೊರಳಲ್ಲಿ ಹಾಕಿಕೊಳ್ಳಬೇಕು, ವಾರಕ್ಕೊಮ್ಮೆ ತೊಳೆದು ಅರಿಶಿನ ಕುಂಕುಮ ಹಚ್ಚಬೇಕು. ಈ ಮನೆಯಲ್ಲಿ ಪದಕವಾಗಿದ್ದದ್ದು ಹೆಣ್ಣಿನ ಮುಖದ ಹಳೆಯ ಚಿನ್ನದ ನಾಣ್ಯ; ಆ ಮುಖ ಲಕ್ಷ್ಮಿಯದೆಂದೇ ಎಲ್ಲರೂ ನಂಬಿದ್ದರು. ಅದರ ಕೆನ್ನೆಯ ಮೇಲೆ ಕುಂಕುಮದ ಹೆಪ್ಪು ಕಲ್ಲಿನಷ್ಟು ಗಟ್ಟಿಯಾಗಿತ್ತು. ಉಜ್ಜಿದಷ್ಟೂ ಹೊಳೆಯಿತು.

"ಅಕ್ಕ ಸಿಟ್ಟಾಗ್ಯಾಳ," ಎಂದು ಶುಭಾಂಗಿ ಅತ್ತೆಯ ಬಳಿ ಓಡಿದಳು.

ಅತ್ತೆ ಸಾವಿತ್ರಿಬಾಯಿ ಪದಕವನ್ನು ಅಂಗೈಯಲ್ಲಿಟ್ಟು ನೋಡಿದರು. ಹಗುರ.

"ಆಕಿ ಅಲ್ಲ, ನೀನ ಬದಲಿ ಮಾಡೀದಿ. ಬಂಗಾರ ನಂದೇಶ್ವರಕ್ಕ ಹೋಗ್ಯದ, ನಿನ್ನ ತವರಿಗೆ."

ಪೊಲೀಸರು ಬರುವಷ್ಟರಲ್ಲಿ ಶುಭಾಂಗಿಯ ಬಟ್ಟೆಯ ಚೀಲ ಹೊಸ್ತಿಲ ಆಚೆ ಬಿದ್ದಿತ್ತು.

*

ಇನ್ಸ್‌ಪೆಕ್ಟರ್ ಯೋಗಿತಾ ಪದಕವನ್ನು ಸೋಲಾಪುರಕ್ಕೆ ಒಯ್ದಳು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ದೀಪಾಲಿ ಭೂತಗನ್ನಡಿ ಹಿಡಿದರು.

"ಇದು ಲಕ್ಷ್ಮಿ ಅಲ್ಲರಿ. ರೋಮಿನ ರಾಣಿ ಫೌಸ್ಟಿನಾ. ನೆತ್ತಿ ಮ್ಯಾಲಿನ ತುರುಬು ನೋಡ್ರಿ, ಸುತ್ತ ಆಕಿ ಹೆಸರು ಅದ. ಆಕಿ ಸತ್ತ ಮ್ಯಾಲೆ ರಾಜಾ ಆಕಿನ್ನ ದೇವಿ ಮಾಡಿ ನಾಣ್ಯ ಹೊಡಿಸಿದ."

ಯೋಗಿತಾ ಬಗ್ಗಿ ನೋಡಿದಳು. ಒಬ್ಬ ಸತ್ತ ಹೆಂಡತಿಯ ಹಿಂದೆ ಇನ್ನೊಬ್ಬಳು ಕೂತಿದ್ದಳು.

"ಖರೇ ನಾಣ್ಯನೋ?"

"ಅಲ್ಲ. ಖರೇದು ಸುತ್ತಿಗಿ ಏಟಿಲೆ ಮೂಡಿದ್ದು, ಅಕ್ಷರ ಚೊಕ್ಕ ಇರ್ತಾವ. ಇದರಾಗ ಸೂಜಿಮೊನಿಯಷ್ಟ ತೂತ ಅದಾವ. ಬೆಳ್ಳಿ ಎರಕ, ಮ್ಯಾಲೆ ಬಂಗಾರದ ನೀರು. ಖರೇದರ ಮ್ಯಾಲೇ ಅಚ್ಚು ತಗದಾರ. ಹಚ್ಚಿದ ಕುಂಕುಮನೂ ಎರಕದಾಗ ಬಂದದ."

"ಅಚ್ಚು ತಗಿಯೂ ಮೊದಲ ಕುಂಕುಮ ಒರೆಸಲಿಲ್ಲೇನು?"

"ಅದ ನನಗೂ ಸೋಜಿಗ. ಯಾವ ಅಕ್ಕಸಾಲಿನೂ ಹಂಗ ಮಾಡಂಗಿಲ್ಲ."

ಪದಕದ ಕೊಂಡಿ ಕೂರಿಸಿಕೊಟ್ಟಿದ್ದ ಅಕ್ಕಸಾಲಿ ಸಿದ್ಧೇಶ್ವರನನ್ನು ಠಾಣೆಯಲ್ಲಿ ಕೂರಿಸಿದ್ದರು. ಯೋಗಿತಾ ಫೋನ್ ಮಾಡಿ ಅವನನ್ನು ಬಿಡಿಸಿದಳು.

*

ನಡುಮನೆಯಲ್ಲಿ ಪ್ರಣಿತಾಳ ಫೋಟೋ ಎಲ್ಲರನ್ನೂ ನೋಡುತ್ತಿತ್ತು. ಯೋಗಿತಾ ಅದಕ್ಕೆ ಬೆನ್ನು ಮಾಡಿ ಕೂತಳು. ಮಾತು ತೆಗೆದಳು.

"ಶುಭಾಂಗಿ ತಿಂಗಳಿಗೊಮ್ಮೆ ಹೊರಗಾದಾಗ ಪದಕ ದೇವರ ಜಗಲಿ ಮ್ಯಾಲೆ ಇರ್ತದ. ಮನ್ಯಾಗಿನ ಯಾರಿಗಾದ್ರೂ ಸಿಗ್ತದ. ಆಗ ಯಾರೋ ಮೇಣದಾಗ ಅಚ್ಚು ಒತ್ತಿ, ಹೊರಗ ಎರಕ ಹೊಯ್ಸಿ, ನಾಣ್ಯ ಬದಲಿ ಮಾಡ್ಯಾರ. ಕುಂಕುಮ ಮಾತ್ರ ಮುಟ್ಟಿಲ್ಲ. ಸಾವಿತ್ರಿಬಾಯಿ ಅವರ, ಆ ದಿನದಾಗ ಯಾರು ತೊಳೀತಾರ?"

"ನಾನ," ಎಂದರು ಸಾವಿತ್ರಿಬಾಯಿ.

"ಉಳಿದ ದಿನ ಸೊಸಿ. ಇಬ್ಬರಿಗೂ ಅದು ರೂಢಿ, ಒರೆಸಾಕ ಅಂಜಂಗಿಲ್ಲ. ಹೆಣ್ತಿ ಕುಂಕುಮ ತನ್ನ ಕೈಲೆ ಅಳಿಸಾಕ ಅಂಜಾಂವ ಗಂಡ ಒಬ್ಬನ. ಯಾಕಂದ್ರ ಅದು ಅವನ ಆಯುಷ್ಯ. ಹೌದಲ್ರಿ, ನಿತಿನ?"

ನಿತಿನ ಫೋಟೋ ಕಡೆ ನೋಡಿದ.

"ಬಟ್ಟಿ ಹಿಡಿದಿದ್ದೆ, ಮೇಡಂ. ಆಕಿ ನೋಡಾಕತ್ತಿದ್ಳು. ಕೈ ಏಳಲಿಲ್ಲ."

ಪುಣೆಯ ವ್ಯಾಪಾರಿಯೊಬ್ಬ ನಾಣ್ಯದ ಬೆಲೆ ಹೇಳಿದಂದಿನಿಂದ ಅವನಿಗೆ ನಿದ್ದೆಯಿರಲಿಲ್ಲ. ಸತ್ತವಳಿಗೆ ಹೆದರಿದವನು ಬದುಕಿದ್ದವಳ ಮೇಲೆ ಕಳ್ಳತನ ಬಂದಾಗ ತುಟಿ ಬಿಚ್ಚಿರಲಿಲ್ಲ. ಅಸಲಿ ನಾಣ್ಯ ಅಂಗಡಿಯ ಗಾದಿಯ ಕೆಳಗೆ ಸಿಕ್ಕಿತು; ಇನ್ನು ಅದು ಸಾಕ್ಷಿಯಾಗಿ ಕೋರ್ಟಿಗೆ ಹೋಗಬೇಕಿತ್ತು. ಅವನನ್ನು ಜೀಪು ಹತ್ತಿಸಿದರು.

ಸಾವಿತ್ರಿಬಾಯಿ ಸೊಸೆಯ ಚೀಲ ಎತ್ತಿಕೊಂಡು, "ಒಳಗ ಬಾ ಯವ್ವಾ," ಎಂದರು.

ಶುಭಾಂಗಿ ಚೀಲವನ್ನು ಅವರ ಕೈಯಿಂದ ಬಿಡಿಸಿಕೊಂಡಳು. "ಈ ಮನ್ಯಾಗ ನನ್ನ ಪರವಾಗಿ ಸಾಕ್ಷಿ ಹೇಳಿದಾಕಿ ಅಕ್ಕ ಒಬ್ಬಾಕಿ, ಅತ್ಯಾ."

ಆಮೇಲೆ ಯೋಗಿತಾಳ ಕಡೆ ತಿರುಗಿದಳು.

"ಕೋರ್ಟಿನಿಂದ ಅಕ್ಕನ್ನ ಬಿಡೂ ದಿನ ನನಗ ಹೇಳ್ರಿ, ಮೇಡಂ. ನಂದೇಶ್ವರಕ್ಕ ಕರ್ಕೊಂಡು ಹೋಗ್ತೀನಿ."